ಶಾವಿಗೆ ಯಂತ್ರದ ಕಾರ್ಖಾನೆಗೆ ಬಂದ ಬೇಡದ ಪತ್ರಗಳು

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಶಾವಿಗೆ ಯಂತ್ರ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಬಿ.ಕಾಂ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮಾಡಿ, ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟುಕೊಂಡು ಹೋಗಿದ್ದೆ. ಮಾಲಕರು ಅದನ್ನು ತೆರೆದೂ ನೋಡಲಿಲ್ಲ.

"ಈಮೇಲ್ ಮಾಡ್ಲಿಕ್ಕೆ ಬರ್ತದೇನವಾ?"

"ಬರ್ತದ್ರಿ."

"ಹಂಗಾದ್ರ ನಾಳಿಂದ ಬಾ."

ಮಾಲಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯತೊಡಗಿದೆ. ಅರವತ್ತು ದಾಟಿದ ಮನುಷ್ಯ. ಬಿಳಿ ಧೋತರ, ತಲೆಗೆ ಕಪ್ಪು ಟೋಪಿ. ಮುಂದಿನ ಕೋಣೆ ಆಫೀಸು. ಅಲ್ಲಿ ಕಂಪ್ಯೂಟರಿಗೆ ಅವರ ಮನೆಯವರು ಹೆಣೆದ ಕ್ರೋಶಾದ ಹೊದಿಕೆ. ಹಿಂದೆ ಶೆಡ್ಡು, ಎರಡು ಲೇತು, ಮತ್ತು ಇಪ್ಪತ್ತು ವರ್ಷದಿಂದ ಅವನ್ನು ಆಳುತ್ತಿದ್ದ ಮಿಸ್ತ್ರಿ. ಶಾವಿಗೆ ಇಳಿಯುವ ಹಿತ್ತಾಳೆಯ ಅಚ್ಚಿಗೆ ಕೂದಲೆಳೆಯಷ್ಟು ಸಣ್ಣ ತೂತು ಕೊರೆಯುವುದರಲ್ಲಿ ಹುಬ್ಬಳ್ಳಿಯಲ್ಲೇ ತನ್ನ ಸಮ ಯಾರೂ ಇಲ್ಲವೆಂದು ಅವರು ಪ್ರತಿ ಶುಕ್ರವಾರ ನಮಾಜಿಗೆ ಹೊರಡುವ ಮುನ್ನ ಒಮ್ಮೆ ಹೇಳಿಯೇ ಹೋಗುತ್ತಿದ್ದರು.

ಕಂಪ್ಯೂಟರ್ ಮಾರಿದವನು ಕಾಕಾಗೆ ಒಂದು ಪುಟದ ವೆಬ್‌ಸೈಟನ್ನೂ ಮಾಡಿಕೊಟ್ಟಿದ್ದ. ಅದರಲ್ಲಿ ಯಂತ್ರದ ಚಿತ್ರ ಸಣ್ಣದಿತ್ತು, ಈಮೇಲ್ ವಿಳಾಸ ದೊಡ್ಡದಿತ್ತು. ಅದೇ ವಿಳಾಸವನ್ನು ಅವನು ಸಿಕ್ಕಸಿಕ್ಕ ವ್ಯಾಪಾರಿಗಳ ಪಟ್ಟಿಗಳಿಗೆಲ್ಲ ಸೇರಿಸಿದ್ದ. ಕಾಕಾಗೆ ಎಷ್ಟು ಹೆಮ್ಮೆಯೆಂದರೆ, ಯಂತ್ರದ ಜೊತೆ ಕೊಡುವ ಗ್ಯಾರಂಟಿ ಚೀಟಿಯಲ್ಲೂ ಹೊಸದಾಗಿ ಅಚ್ಚು ಹಾಕಿಸಿದರು: "ಒಂದು ವರ್ಷ ಫ್ರೀ ಸರ್ವಿಸ್. ತಕರಾರು ಇದ್ದಲ್ಲಿ ಈಮೇಲ್ ಮೂಲಕ ಮಾತ್ರ ತಿಳಿಸಬೇಕು." ಆ 'ಮಾತ್ರ' ಪ್ರೆಸ್ಸಿನವನು ಹಾಕಿದ್ದಲ್ಲ, ಕಾಕಾ ಕರಡು ತಿದ್ದುವಾಗ ಸ್ವತಃ ಸೇರಿಸಿದ್ದು.

ನನ್ನ ಮೊದಲ ದಿನದ ಮೊದಲ ಪತ್ರ ಒಂದು ಲಾಟರಿಯದು. ಕಾಕಾ ಲಕ್ಷಾಂತರ ಡಾಲರು ಗೆದ್ದಿದ್ದರು. ಇಂಥವು ಬರುತ್ತಿರುತ್ತವೆ, ಅಳಿಸಿಬಿಡೋಣ ಎಂದೆ. ಕಾಕಾ ನನ್ನನ್ನು ಹಿರಿಯರ ಮುಂದೆ ಕಾಲು ಚಾಚಿದವಳಂತೆ ನೋಡಿದರು.

"ಯಾರೋ ಕೂತು ಬರದಾರ. ಉತ್ತರಾ ಕೊಡದ ಬಿಡೂದು ಮರ್ಯಾದಿ ಅಲ್ಲ. ಬರ್ಕೋ."

ಅವರು ಕಣ್ಣು ಮುಚ್ಚಿ ಕನ್ನಡದಲ್ಲಿ ಹೇಳುತ್ತ ಹೋದರು, ನಾನು ಕೋರ್ಸಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಟೈಪು ಮಾಡಿದೆ. ತಮ್ಮ ಪತ್ರ ತಲುಪಿತು. ನಾವು ಟಿಕೀಟು ಕೊಂಡಿರುವುದಿಲ್ಲ. ಎಲ್ಲಿಯೋ ತಪ್ಪಾಗಿದೆ. ನಿಜವಾಗಿ ಗೆದ್ದವರು ಕಾಯುತ್ತಿರಬಹುದು, ದಯಮಾಡಿ ಅವರನ್ನು ಹುಡುಕಿ ಕೊಡತಕ್ಕದ್ದು. ಕೊನೆಗೆ, "ತಮಗೆ ಶಾವಿಗೆ ಯಂತ್ರ ಬೇಕಾದಲ್ಲಿ ತಿಳಿಸುವುದು."

ಪರದೇಶದ ಯಾವುದೋ ಸೇನಾಪತಿಯ ವಿಧವೆ ಒಂದು ಪೆಟ್ಟಿಗೆ ಹಣ ಕಳಿಸುತ್ತೇನೆಂದು ಬರೆದಾಗ ಕಾಕಾ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಹಣದ ಮಾತೇ ಇಲ್ಲದ ಸಂತಾಪದ ಪತ್ರ ಹೋಯಿತು. ಅವಳು ಬ್ಯಾಂಕಿನ ವಿವರ ಕೇಳಿದಾಗ, "ನಮ್ಮ ಬ್ಯಾಂಕು ಇಲ್ಲಿಂದ ಹತ್ತು ನಿಮಿಷದ ದಾರಿ, ಮ್ಯಾನೇಜರು ಪರಿಚಯದವರು, ತಾವು ಮಧ್ಯಾಹ್ನ ಊಟದ ನಂತರ ಬಂದರೆ ಕೂಡಿಯೇ ಹೋಗೋಣ" ಎಂದು ಬರೆಸಿದರು. ಆಮೇಲೆ ನಾಲ್ಕು ದಿನ ಮಧ್ಯಾಹ್ನ ಮನೆಗೆ ಮಲಗಲು ಹೋಗದೆ ಆಫೀಸಿನಲ್ಲೇ ಕೂತಿದ್ದರು. ಬಂದರೆ ಯಾರೂ ಇಲ್ಲವೆಂದಾಗಬಾರದಂತೆ.

ಎಲ್ಲಕ್ಕಿಂತ ಕಷ್ಟದ್ದು ಗಂಡಸರ ಔಷಧದ ಪತ್ರಗಳು. ಇಪ್ಪತ್ತೆರಡು ವರ್ಷದ ಹುಡುಗಿ ನಾನು, ಅವನ್ನು ಓದಿ ಹೇಳುವುದು ಹೇಗೆ?

"ಇದ್ಯಾರದು?"

"ಔಷಧದ ಅಂಗಡ್ಯಾವರದ್ರಿ."

"ಯಾತರ ಔಷಧ?"

"ಶಕ್ತಿದ್ದು ರೀ."

"ಮನ್ಯಾಗ ಚ್ಯವನಪ್ರಾಶ ಅದ, ಸದ್ಯಕ್ಕ ಬ್ಯಾಡ ಅಂತ ಬರಿ."

ಬರೆದೆ. ಚ್ಯವನಪ್ರಾಶವನ್ನೂ ಸೇರಿಸಿಯೇ ಬರೆದೆ.

ಉತ್ತರಗಳ ಫಲ ಬೇಗ ಕಾಣಿಸಿತು. ದಿನಕ್ಕೆ ಎಂಟು ಹತ್ತು ಇದ್ದ ಪತ್ರಗಳು ಎರಡು ತಿಂಗಳಲ್ಲಿ ನೂರು ದಾಟಿದವು. ಆಗ ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರಬೇಕು. ಪತ್ರಗಳು ಇಳಿಯುವವರೆಗೆ ಫೋನು ಸಿಗುವುದಿಲ್ಲ. ಗದಗದ ಅಂಗಡಿಯವನೊಬ್ಬ ಮೂರು ದಿನ ಫೋನು ಹಚ್ಚಿ ಹಚ್ಚಿ, ಕಾಕಾಗೆ ಏನೋ ಆಗಿಹೋಗಿದೆಯೆಂದು ತಿಳಿದು ಮಾತನಾಡಿಸಲು ಬಂದೇಬಿಟ್ಟ. ಕಾಕಾ ಕೂತು ವಾಚು ಮಾರುವವರಿಗೆ ಉತ್ತರ ಬರೆಸುತ್ತಿದ್ದರು.

ಅಂದು ಮಿಸ್ತ್ರಿ ಕೈಯೊರೆಸಿಕೊಳ್ಳುತ್ತ ಆಫೀಸಿಗೆ ಬಂದರು. ನಾನು ವಿಷಯವನ್ನೆಲ್ಲ ಹೇಳಿದೆ. ಅವರು ಜೀವನದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ.

"ಕಾಕಾ, ಭಾಂಡೆ-ಪಾತ್ರಿ ಮಾರಾಕಿ ಓಣ್ಯಾಗ ಬಂದು 'ಅಕ್ಕಾರss' ಅಂತಾಳಲ್ರಿ? ಒಳಗಿಂದ 'ಬ್ಯಾಡವಾ' ಅಂದ್ರ ಹೋಗ್ತಾಳೇನು? ಮನ್ಯಾಗ ಮಂದಿ ಅದಾರ ಅಂತ ಗೊತ್ತಾತು, ಅಲ್ಲೇ ಬುಟ್ಟಿ ಇಳಸ್ತಾಳ. ನೀವು ದಿನಾ ನೂರು ಸಲ ಬ್ಯಾಡವಾ ಅನ್ನಾಕತ್ತೀರಿ. ಅವರು ಬುಟ್ಟಿ ಇಳಿಸಾಕತ್ತಾರ. ಸುಮ್ಮ ಕುಂದರ್ರಿ."

ನನ್ನ ಕೋರ್ಸಿನ ಮಾಸ್ತರರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ. ಕಾಕಾ ಮುಖ ಸಣ್ಣದು ಮಾಡಿಕೊಂಡರು. "ಒಂದು ಮಾತೂ ಆಡದ ಹೆಂಗ ಬಿಡ್ಲಿಕ್ಕೆ ಬರ್ತದ?" ಎಂದರು. ಪತ್ರಗಳು ಕಣ್ಣಿಗೇ ಬೀಳದಂತೆ ಮಾಡಿದರೆ ಉತ್ತರ ಕೊಡುವ ಪ್ರಶ್ನೆಯೇ ಇರುವುದಿಲ್ಲ ಎಂದು ನಾನು ಹೇಳಿದೆ. ಅದಕ್ಕೆ ಒಪ್ಪಿದರು. ಕಾಣದವರಿಗೆ ನಮಸ್ಕಾರ ಹೇಳದಿದ್ದರೆ ತಪ್ಪಲ್ಲವಂತೆ.

ನಾನು ಒಂದು ಕಂಪ್ಯೂಟರ್ ಮಾಸಪತ್ರಿಕೆ ನೋಡಿಕೊಂಡು ಜರಡಿ ಹಾಕಿದೆ. ಪತ್ರದಲ್ಲಿ ಇಂತಿಂಥ ಶಬ್ದವಿದ್ದರೆ ತಾನೇ ಅಳಿಸಿಹೋಗಲಿ ಎಂದು ಕಂಪ್ಯೂಟರಿಗೆ ಹೇಳುವ ವ್ಯವಸ್ಥೆ ಅದು. ಲಾಟರಿ, ಡಾಲರ್, ಲೋನ್, ವಾಚ್, ಔಷಧದ ಹೆಸರುಗಳು. ಎಲ್ಲದರಲ್ಲೂ ಇರುತ್ತಿದ್ದ ಶಬ್ದ ಒಂದಿತ್ತಲ್ಲ, ಅದನ್ನು ಎಲ್ಲಕ್ಕಿಂತ ಮೇಲೆ ಸೇರಿಸಿದೆ: ಫ್ರೀ. ಬೇರೆ ಪೆಟ್ಟಿಗೆಗೆ ಹಾಕಿ ಆಮೇಲೆ ನೋಡಬಹುದು ಎಂದು ಪತ್ರಿಕೆಯಲ್ಲಿ ಬರೆದಿತ್ತು. ಅಷ್ಟೆಲ್ಲ ಯಾಕೆ, ನನ್ನ ಕೆಲಸ ಅಚ್ಚುಕಟ್ಟಾಗಿರಲಿ ಎಂದು ಬುಡಸಮೇತ ಅಳಿಸುವಂತೆಯೇ ಮಾಡಿಬಿಟ್ಟೆ.

ಮರುದಿನ ಬೆಳಿಗ್ಗೆ ಎರಡೇ ಪತ್ರ. ಕಾಕಾ ಎಲ್ಲರಿಗೂ ಗಿರ್ಮಿಟ್, ಮಿರ್ಚಿ ತರಿಸಿದರು. ಫೋನು ಮತ್ತೆ ರಿಂಗಾಗತೊಡಗಿತು. ಮೂರು ವಾರ ಹೀಗೇ ಸುಖವಾಗಿ ಕಳೆಯಿತು. ಒಂದು ದಿನ ಕಾಕಾ ಇದ್ದಕ್ಕಿದ್ದಂತೆ ಮಿಸ್ತ್ರಿಯನ್ನು ಕರೆದು ಕೈಹಿಡಿದುಕೊಂಡರು.

"ಮೂರು ವಾರ ಆತು, ಒಂದರ ತಕರಾರು ಬಂದಿಲ್ಲ. ನಿಮ್ಮ ಕೈ ಈಗ ಪಳಗ್ಯದ ನೋಡ್ರಿ."

ಮಿಸ್ತ್ರಿ ಕೈ ಬಿಡಿಸಿಕೊಂಡರು. "ಈಗ ಪಳಗೇತೇನ್ರಿ? ಇಪ್ಪತ್ತು ವರ್ಷ ನಾ ಏನ ಮಾಡಾಕತ್ತಿದ್ದೆ?" ಎಂದು ಶೆಡ್ಡಿಗೆ ಹೋದವರು ಎರಡು ದಿನ ನಮ್ಮ ಚಹಾ ಕುಡಿಯಲಿಲ್ಲ.

ಆ ವಾರದ ಕೊನೆಗೆ ಕಾರ್ಖಾನೆಯ ಮುಂದೆ ಒಂದು ಆಟೋ ನಿಂತಿತು. ಶಿರಗುಪ್ಪಿಯ ಮೂವರು ಹೆಣ್ಣುಮಕ್ಕಳು, ಅವರ ತೊಡೆಯ ಮೇಲೆ ಅಡ್ಡಡ್ಡ ಮಲಗಿದ ನಮ್ಮ ಶಾವಿಗೆ ಯಂತ್ರ. ಅವರು ಕೂಡಿ ಒಂದು ಸಂಘ ಮಾಡಿಕೊಂಡು ಶಾವಿಗೆ, ಹಪ್ಪಳ ಮಾರುತ್ತಿದ್ದರು. ಸಂಘದ ಮುಖ್ಯಸ್ಥೆ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅವಳು ಯಂತ್ರವನ್ನು ಕಾಕಾನ ಮೇಜಿನ ಮೇಲೆಯೇ ಇಡಿಸಿ, ಸೆರಗಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. ಹೆಬ್ಬೆಟ್ಟಿನ ದಪ್ಪದ ಏನೋ ಒಣಗಿದ ತುಂಡುಗಳಿದ್ದವು.

"ಏನ್ರಿ ಇವು?" ಎಂದರು ಕಾಕಾ.

"ನೀವ ಹೇಳ್ರಿ. ನಿಮ್ಮ ಮಿಶನ್ ಹಡದದ್ದು. ಶಾವಿಗಿ ಅಂತ ಮಾರಾಕ ಹೋದ್ರ ಮಂದಿ ಕೋಡಬಳಿ ಅಂತಾರ."

ಅಚ್ಚು ಬಿರಿದು ಎರಡು ಹೋಳಾಗಿತ್ತು. ಮಿಸ್ತ್ರಿ ಅದನ್ನು ನೋಡಿ ತಲೆ ತಗ್ಗಿಸಿದರು.

"ತಕರಾರು ಇದ್ರ ತಿಳಸಬೇಕಿಲ್ಲೇನವಾ?" ಎಂದರು ಕಾಕಾ ಮೆತ್ತಗೆ.

ಅಷ್ಟು ಕೇಳಿದ್ದೇ ತಡ. ಅವಳು ಗ್ಯಾರಂಟಿ ಚೀಟಿ ತೆಗೆದು 'ಮಾತ್ರ' ಎಂಬಲ್ಲಿ ಬೆರಳಿಟ್ಟಳು. "ಈಮೇಲ್ ಮಾತ್ರ ಅಂತ ನೀವ ಬರದೀರಿ. ನಮ್ಮೂರಾಗ ಎಲ್ಲೈತ್ರಿ ಈಮೇಲ್? ಮಗಳನ್ನ ಕರಕೊಂಡು ಬಸ್ ಹತ್ತಿ ಇಲ್ಲಿ ತನಕಾ ಬಂದು, ಆ ಮೂಲಿ ಸೈಬರ್ ಅಂಗಡ್ಯಾಗ ಕುಂತು ಈಮೇಲ್ ಮಾಡೇವಿ. ನಾಕ ಸಲ! ಕಿಡಕ್ಯಾಗಿಂದ ನಿಮ್ಮ ಬೋರ್ಡ್ ಕಾಣ್ತಿತ್ತು. ನೀವು ಕಟ್ಟಿ ಮ್ಯಾಲ ನಿಂತು ಮಿರ್ಚಿ ತಿನ್ನೂದೂ ಕಾಣ್ತಿತ್ತು!"

"ಮತ್ತ ಒಳಗ ಬಂದು ಹೇಳಬಾರದೇನವಾ?"

"ಮಾತ್ರ ಅಂತ ಬರದೀರಲ್ರಿ! ಬಂದ್ರ ಗ್ಯಾರಂಟಿ ರದ್ದಾದ್ರ?"

"ಏನಂತ ಬರದಿದ್ರಿ?" ಎಂದು ನಾನು ಕೇಳಿದೆ.

"ಚೀಟ್ಯಾಗ ಏನೈತಿ, ಅದನ್ನ. ಫ್ರೀ ಸರ್ವಿಸ್ ಮಾಡಿಕೊಡ್ರಿ ಅಂತ."

ಒಂದು ವರ್ಷ ಫ್ರೀ ಸರ್ವಿಸ್ ಎಂದು ನಾವೇ ಅಚ್ಚು ಹಾಕಿದ್ದೆವು. ತಕರಾರು ಮಾಡುವವರೆಲ್ಲ ಆ ಮಾತನ್ನೇ ಬರೆಯುತ್ತಾರೆ. ನಾನು ಅವರೆಲ್ಲರನ್ನೂ ಲಾಟರಿಯವರ ಜೊತೆ ಸೇರಿಸಿ ಗುಡಿಸಿ ಹಾಕಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಮಿಸ್ತ್ರಿ, "ನನ್ನ ಕೈ ಖರೇನ ಕೆಟ್ಟೈತೇನೋ" ಎಂದು ಗೊಣಗಿದ್ದು ಕೇಳಿಸಿತು. ತಡೆಯಲಾಗದೆ ಎಲ್ಲವನ್ನೂ ಹೇಳಿದೆ. ಕೆಲಸ ಹೋಯಿತೆಂದು ಅಳುವುದಕ್ಕೂ ಶುರುಮಾಡಿದೆ.

ಕಾಕಾ ಟೋಪಿ ತೆಗೆದು ಯಂತ್ರದ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು: "ಅಂದ್ರ, ನಮ್ಮ ಗಿರಾಕಿಗಳು ಬರದ್ರು, ನಾವು ಉತ್ತರಾ ಕೊಡಲಿಲ್ಲ?" ಯಂತ್ರ ಒಡೆದದ್ದಕ್ಕಿಂತ ಅವರಿಗೆ ಅದೇ ದೊಡ್ಡ ಪೆಟ್ಟು.

ಮುಖ್ಯಸ್ಥೆಗೆ ನನ್ನ ಅಳು ನೋಡಿ ಸಿಟ್ಟು ಇಳಿಯಿತು. "ಅಳಬ್ಯಾಡ ಬಿಡವಾ. ನಮ್ಮ ಹುಡಿಗೀನೂ ಸಜ್ಜಿ ಹಸನ ಮಾಡಂದ್ರ ಕಸದ ಜೋಡಿ ಕಾಳೂ ಚೆಲ್ಲತಾಳ," ಎಂದಳು. ಆದರೆ ಶಿಕ್ಷೆಯನ್ನೂ ಅವಳೇ ಹೇಳಿದಳು. ಮೂರು ವಾರದ ಶಾವಿಗೆ ಬಾಕಿ ಬಿದ್ದಿದೆ, ಹಿಡಿಕೆ ತಿರುಗಿಸಲು ಆಳು ಬೇಕು.

ಮಿಸ್ತ್ರಿ ಒಂದೇ ದಿನದಲ್ಲಿ ಹೊಸ ಅಚ್ಚು ಕೊರೆದರು. ಭಾನುವಾರ ಅವರೂ ನಾನೂ ಶಿರಗುಪ್ಪಿಗೆ ಹೋದೆವು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಡಿಕೆ ತಿರುಗಿಸಿದೆ. ಅದೇ ಯಂತ್ರದ ಬಗ್ಗೆ "ಚಿಕ್ಕ ಮಕ್ಕಳೂ ಸುಲಭವಾಗಿ ತಿರುಗಿಸಬಹುದು" ಎಂದು ವೆಬ್‌ಸೈಟಿಗೆ ಆಮೇಲೆ ಬರೆದು ಸೇರಿಸಿದವಳು ನಾನೇ. ಸಂಜೆಗೆ ಹಗ್ಗದ ಮೇಲೆ ಶಾವಿಗೆ ಕೂದಲಿನಂತೆ ಇಳಿಬಿದ್ದಿತ್ತು. ಮಿಸ್ತ್ರಿ ಅದರ ಮುಂದೆ ನಿಂತು, "ನೋಡ್ರಿ, ಪಳಗಿದ ಕೈ," ಎಂದು ಯಾರಿಗೋ ಹೇಳುತ್ತಿದ್ದರು. ನನ್ನ ರಟ್ಟೆ ಒಂದು ವಾರ ಮೇಲೇಳಲಿಲ್ಲ. ಟೈಪು ಮಾಡುವಾಗ ಎಡಗೈ ಒಂದೇ ಓಡುತ್ತಿತ್ತು.

ಹಾಗಾಗಿ ಮುಂದಿನ ಜರಡಿಯನ್ನು ಎಡಗೈಯಲ್ಲೇ ಹಾಕಿದೆ, ನಿಧಾನವಾಗಿ. ಅನುಮಾನದ ಪತ್ರಗಳು ಅಳಿಯದೆ ಒಂದು ಬೇರೆ ಪೆಟ್ಟಿಗೆಗೆ ಹೋಗಬೇಕು, ದಿನಾ ಬೆಳಿಗ್ಗೆ ಚಹಾ ಬರುವ ಮುನ್ನ ನಾನು ಅದರ ಮೇಲೆ ಒಮ್ಮೆ ಕಣ್ಣಾಡಿಸಬೇಕು. ಗೊತ್ತಿರುವ ಗಿರಾಕಿಗಳ ಪತ್ರಗಳಿಗೆ ಯಾವ ಶಬ್ದದ ತಡೆಯೂ ಇಲ್ಲ. ಗಿರಾಕಿಗಳಿಗಾಗಿ ಒಂದು ಹೊಸ ವಿಳಾಸ ಮಾಡಿ ಚೀಟಿಯಲ್ಲಷ್ಟೇ ಹಾಕಿದೆವು, ವೆಬ್‌ಸೈಟಿನಿಂದ ವಿಳಾಸವನ್ನೇ ತೆಗೆಸಿ ಫೋನ್ ನಂಬರು ಕೊಟ್ಟೆವು. ಗುರುತಿಲ್ಲದವರಿಗೆ ಉತ್ತರ ಬರೆಯುವುದು ಪೂರ್ತಿ ಬಂದ್. ಚೀಟಿಯಿಂದ 'ಮಾತ್ರ' ತೆಗೆಯಲು ಕಾಕಾ ಒಂದು ವಾರ ಯೋಚಿಸಿದರು.

ಆರು ತಿಂಗಳಲ್ಲಿ ಬೇಡದ ಪತ್ರಗಳು ದಿನಕ್ಕೆ ಐದಾರಕ್ಕೆ ಇಳಿದವು. ಅಳಿಸುವ ಕೆಲಸ ತಾನೇ ಮಾಡುತ್ತೇನೆಂದು ಕಾಕಾ ಕಲಿತುಕೊಂಡರು. ಹೆಣ್ಣುಮಗಳ ಕೈಯಿಂದ ಜನರನ್ನು ಹೊರಗೆ ಹಾಕಿಸುವುದು ಸರಿಯಲ್ಲವಂತೆ. ನಾನು ಕೆಲಸ ಬಿಡುವವರೆಗೂ ದಿನಾ ಹತ್ತು ಗಂಟೆಗೆ ಅವರು ಟೋಪಿ ಸರಿಮಾಡಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ಪತ್ರದ ಮೇಲೂ ಬೆರಳಿಟ್ಟು, ಪರದೆಗೆ ಸ್ವಲ್ಪ ಬಾಗಿ, "ಬ್ಯಾಡ್ರೀ... ತಪ್ಪು ತಿಳ್ಕೋಬ್ಯಾಡ್ರಿ," ಎಂದು ಒತ್ತುತ್ತಿದ್ದರು.