ರೊಟ್ಟಿಯಂಥ ಬಂಡೆ

ಫೋನಿನಲ್ಲಿ ಕೋಟೆಯ ಬಂಡೆಗಳನ್ನು ತೋರಿಸಿದಾಗ ಅಕ್ಕ ಮುಖ ತಿರುಗಿಸಿದಳು.

"ಇವೇನ್ಲೇ, ರೊಟ್ಟಿ ಇದ್ದಂಗವೆ. ಬಂಡೆ ಅಂದ್ರೆ ಮೈಮೇಲೆ ಬರಂಗಿರ್ಬೇಕು."

ಸೊಂಟ ಮುರಿದು ಹೊಳಲ್ಕೆರೆಯ ಮನೆಯಲ್ಲಿ ಅಂಗಾತ ಮಲಗಿದ್ದಳು. ಪಕ್ಕಕ್ಕೆ ಹೊರಳಲೂ ಆಗುತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಓದುವಾಗ ದಿನಾ ಕೋಟೆ ಹತ್ತುತ್ತಿದ್ದೆ ಎನ್ನುತ್ತಿದ್ದಳು. ನನಗೆ ನೆನಪಿರುವುದು ಎರಡು ಸಲ. ಅದರಲ್ಲೊಂದು ಬಹುಶಃ ನಾನೇ ಮನಸ್ಸಿನಲ್ಲಿ ಕಟ್ಟಿಕೊಂಡದ್ದು. ಅವಳು ಇನ್ನು ಹತ್ತುವುದಿಲ್ಲ ಎಂಬುದಂತೂ ಇಬ್ಬರಿಗೂ ಗೊತ್ತಿತ್ತು. ಮೈಮೇಲೆ ಬರುವ ಬಂಡೆಯನ್ನು ಅವಳಿಗೆ ಒಮ್ಮೆ ತೋರಿಸಬೇಕೆಂದು ಎರಡು ಲೆನ್ಸಿನ ಹಳೆಯ ಕ್ಯಾಮೆರಾ ಹೊರತೆಗೆದೆ. ಅದು ಒಂದೇ ನೋಟವನ್ನು ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರವಾಗಿ ಹಿಡಿಯುತ್ತದೆ. ಎರಡೂ ಕಣ್ಣಿಂದ ಒಟ್ಟಿಗೆ ನೋಡಿದರೆ ಆಳ ಎದ್ದು ಬರುತ್ತದೆ.

ಯಾವ ಫಿಲ್ಮ್ ಹಾಕುವುದು?

"ನೆಗೆಟಿವ್ ಹಾಕ್ರಿ ಸಾರ್, ಕಾಗದದ ಮೇಲೆ ಪ್ರಿಂಟ್ ಹಾಕಿಸ್ರಿ. ಸ್ಲೈಡ್ ಫಿಲ್ಮ್ ತೊಳೆಯೋರು ಈ ಕಡೆ ಯಾರವ್ರೆ?" ಎಂದರು ದುರ್ಗದ ಸ್ಟುಡಿಯೋದವರು.

ನಿಜವೇ. ಆದರೆ ಕಾಗದದ ಚಿತ್ರಕ್ಕೆ ಬೆಳಕು ಮುಂದಿನಿಂದ ಬೀಳಬೇಕು. ಅಂಗಾತ ಮಲಗಿದವಳ ಮುಖದ ಮೇಲೆ ಹಿಡಿದರೆ ಬೆಳಕೆಲ್ಲ ಚಿತ್ರದ ಬೆನ್ನಿಗೆ. ಪಾರದರ್ಶಕವಾದ ಸ್ಲೈಡಾದರೆ ಬೆಳಕು ಅದರೊಳಗಿಂದಲೇ ಹಾದುಬರುತ್ತದೆ. ಅಕ್ಕನ ಕಣ್ಣಿನ ನೇರಕ್ಕೆ ಸೂರಿನಲ್ಲಿ ಟ್ಯೂಬ್‌ಲೈಟ್ ಇತ್ತು. ಸ್ಲೈಡೇ ಹಾಕಿ ಕೋಟೆ ಹತ್ತಿದೆ.

ದೂರದ ಊರಿಗೆ ಕಳಿಸಿದ ರೋಲು ತೊಳೆದು ಬರುವಷ್ಟರಲ್ಲಿ ಅಕ್ಕ ಇನ್ನಷ್ಟು ಇಳಿದುಹೋಗಿದ್ದಳು. ನಾನು ಹೋದ ದಿನ ಮಳೆ ಬರುತ್ತಿತ್ತು ಎಂದು ಇಲ್ಲಿ ಮೊದಲು ಬರೆದು ಹೊಡೆದುಹಾಕಿದೆ. ಆ ಮಳೆ ಆಮೇಲೆ ನೆನಪಿನಲ್ಲಿ ನಾನು ಸುರಿಸಿಕೊಂಡದ್ದು.

ದುರ್ಬೀನಿನಂತೆ ಎರಡು ಕಿಂಡಿಗಳಿರುವ ಡಬ್ಬಿಗೆ ಸ್ಲೈಡು ಸಿಕ್ಕಿಸಿ ಅವಳ ಕಣ್ಣಿಗಿಟ್ಟೆ.

"ಬೆಳಕು ಚೆನ್ನಾಗೈತಪ್ಪ," ಎಂದಳು. "ಆದ್ರೂ ರೊಟ್ಟೀನೇ ಕಣ್ಲೇ. ಈ ಸಲ ಬಿಸಿ ರೊಟ್ಟಿ."

ಎಡಬಲ ಅದಲುಬದಲಾಯಿತೇನೋ ಎಂದು ನಾನೇ ತೆಗೆದು ನೋಡಿದೆ. ಬಂಡೆ ಹಣೆಗೆ ತಾಗುವ ಹಾಗೆ ನಿಂತಿತ್ತು. ಡಬ್ಬಿಯನ್ನು ಮತ್ತೆ ಅವಳ ಕಣ್ಣಿಗಿಟ್ಟು, ಅವಳ ಎಡಗಣ್ಣಿನ ಕಿಂಡಿಗೆ ಬೆಳಕು ಬೀಳದಂತೆ ಅಂಗೈ ಅಡ್ಡ ಹಿಡಿದೆ.

"ಲೈಟ್ ಯಾಕ್ಲೇ ಆರಿಸ್ದೆ?" ಎಂದಳು ಅಕ್ಕ.

ಅವಳ ಬಲಗಣ್ಣಿನ ಕಿಂಡಿಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು.

"ಕರೆಂಟ್ ಹೋಯ್ತಕ್ಕ," ಎಂದೆ. ಕೈ ತೆಗೆಯಲು ಧೈರ್ಯವಾಗಲಿಲ್ಲ.