ಗೌರಿಯ ಮೆಟ್ಟಿಲಲ್ಲಿ ಸಿನಿಮಾದವರು

ಐವತ್ತರ ದಶಕದ ನಡುವಿನ ಮಾತು. ಕುರ್ಲಾದ ನಮ್ಮ ಚಾಳಿಗೆ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ, ಧಾರವಾಡದಿಂದ ಬಂದು ವರ್ಷ ಕಳೆದಿತ್ತು. ಮರಾಠಿ ಅವರಿಗೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ನಲ್ಲಿಯ ಹತ್ತಿರ ಉಳಿದ ಹೆಂಗಸರು ಹರಟುತ್ತಿದ್ದರೆ ಇವರು ಕೊಡ ತುಂಬುವವರೆಗೂ ನೀರನ್ನೇ ನೋಡುತ್ತ ನಿಲ್ಲುತ್ತಿದ್ದರು. ಹಿಂದಿನ ಚೈತ್ರದಲ್ಲಿ ಗೌರಿಯ ಅರಿಶಿನ ಕುಂಕುಮಕ್ಕೆ ಇಡೀ ಮಹಡಿಯನ್ನು ಕರೆದಿದ್ದೆವು. ಬಂದವರು ಕೆಲವರು ಮಾತ್ರ. ಅವರೂ ಹೊಸ್ತಿಲಲ್ಲೇ ನಿಂತು ಕುಂಕುಮ ಹಚ್ಚಿಸಿಕೊಂಡು ಹೊರಟುಹೋದರು. ಅಂದು ವೈನಿ ಊಟ ಮಾಡಲಿಲ್ಲ. ಈ ಸಲವೂ ಹಾಗೇ ಆದರೆ ತನ್ನನ್ನು ಧಾರವಾಡಕ್ಕೆ ಕಳಿಸಿಬಿಡಿ ಎಂದು ಅಣ್ಣನಿಗೆ ಹೇಳಿದ್ದರು. ಅದು ಬರೀ ಸಿಟ್ಟಿನ ಮಾತಲ್ಲವೆಂದು ಅಣ್ಣನಿಗೂ ಗೊತ್ತಿತ್ತು.

ನಾನಾಗ ಫೋರ್ಟ್ ಪ್ರದೇಶದ ಒಂದು ಪತ್ರಿಕೆಯಲ್ಲಿ ಉಪಸಂಪಾದಕ. ಸಿನಿಮಾ ಕಂಪನಿಗಳು ಪ್ರಚಾರಕ್ಕೆ ಕಳಿಸುವ ಫೋಟೋಗಳು ಅಚ್ಚಿಗೆ ಬ್ಲಾಕ್ ಮಾಡಿಸಿದ ಮೇಲೆ ಕಸದ ಬುಟ್ಟಿಗೆ ಬೀಳುತ್ತಿದ್ದವು. ಹಿರಿಯರನ್ನು ಕೇಳಿ ಅವನ್ನು ಮನೆಗೆ ತರುತ್ತಿದ್ದೆ. ವೈನಿಗೆ ಅದೇ ಹಬ್ಬ. ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ಆ ಫೋಟೋಗಳ ಜೊತೆ ಥಿಯೇಟರಿನ ಬಾಗಿಲಲ್ಲಿ ಮಾರುವ ಹಾಡಿನ ಪುಸ್ತಕಗಳಿದ್ದವು, ಕ್ಯಾಲೆಂಡರಿನಿಂದ ಕತ್ತರಿಸಿದ ನಟಿಯರ ಮುಖಗಳಿದ್ದವು. ತೋರಿಸಲು ನಾನೊಬ್ಬನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಗೌರಿಯನ್ನು ಪುಟ್ಟ ತೊಟ್ಟಿಲಲ್ಲಿ ಕೂರಿಸಿ, ಮುಂದೆ ಮೆಟ್ಟಿಲು ಕಟ್ಟಿ, ಮನೆಯಲ್ಲಿರುವ ಚೆಂದದ ವಸ್ತುಗಳನ್ನೆಲ್ಲ ಜೋಡಿಸಿಡುವುದು ನಮ್ಮ ಕಡೆಯ ರೂಢಿ. ಆ ವರ್ಷ ವೈನಿ ಡಬ್ಬಿ ತೆರೆದರು.

“ದೇವರ ಮುಂದ ಸಿನಿಮಾದವರ ಫೋಟೋ ಇಡ್ತೀ ಏನವಾ?” ಎಂದಳು ಅವ್ವ.

“ಚಂದ ಇದ್ದದ್ದೆಲ್ಲಾ ಇಡಬೇಕಂತ ನೀವೇ ಹೇಳೀರಲ್ಲರೀ ಅತ್ತಿ. ನಮ್ಮನ್ಯಾಗ ಇದಕಿಂತ ಚಂದಂದು ಏನದ ಹೇಳ್ರಿ?”

“ಯಾಕ, ನನ್ನ ಮಣ್ಣಿನ ಆನಿ ಇಲ್ಲೇನು?”

“ಅದಕ್ಕ ಒಂದು ಕಿವೀನೇ ಇಲ್ಲರೀ.”

ಅವ್ವನಿಗೆ ನಗು ತಡೆಯಲಾಗಲಿಲ್ಲ. “ಆತು. ದೇವರ ಪಾತ್ರ ಇದ್ದದ್ದು ಮ್ಯಾಲೆ ಇಡು. ಉಳಿದ ಮಂದಿ ಎಲ್ಲಾ ಕೆಳಗ.”

ಹಾಗೆ ಮೇಲಿನ ಮೆಟ್ಟಿಲಿಗೆ ತಪಸ್ಸಿಗೆ ಕುಳಿತ ಪಾರ್ವತಿ ಬಂದಳು. ಪಾತ್ರ ಪಾರ್ವತಿಯದಾದರೂ ನಟಿ ಆಗ ಊರಿಗೆಲ್ಲ ಪರಿಚಿತಳು. ಡಬ್ಬಿಯಲ್ಲಿ ಅದಕ್ಕಿಂತ ಹೊಳಪಿನ ಫೋಟೋ ಇರಲಿಲ್ಲ. ಅರಿಶಿನ ಕುಂಕುಮದ ದಿನ ಬೆಳಿಗ್ಗೆ ವೈನಿ ಒಂದೇ ಒಂದು ಮರಾಠಿ ವಾಕ್ಯವನ್ನು ನನ್ನೆದುರು ಉರುಹೊಡೆದು, ಕುಂಕುಮದ ಬಟ್ಟಲು ಹಿಡಿದು, ಬಾಗಿಲು ಬಾಗಿಲಿಗೆ ಒಬ್ಬರೇ ಹೋಗಿ ಕರೆದು ಬಂದರು. ನಮ್ಮಲ್ಲಿ ಸಿನಿಮಾದ ಫೋಟೋಗಳಿವೆ, ಬನ್ನಿ ಎಂಬುದು ಆ ವಾಕ್ಯ.

ಅಂದು ನನ್ನ ವಾರದ ರಜೆ. ಅರಿಶಿನ ಕುಂಕುಮದ ಹೊತ್ತಿಗೆ ಗಂಡಸರಿಗೆ ಒಳಗೆ ಕೆಲಸವಿಲ್ಲ; ನಾನು ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಕಿಟಕಿಗೆ ಒರಗಿ ನಿಂತೆ. ಸಂಜೆ ಮೊದಲು ಬಂದವರು ತುದಿಯ ಕೋಣೆಯ ಮರಾಠಿ ಅಜ್ಜಿ, ಹಣೆ ತುಂಬ ಕುಂಕುಮವಿಡುವವರು. ಅವರ ಹಿಂದೆ ಮಹಡಿಯ ಐದಾರು ಸೊಸೆಯಂದಿರು. ಅಜ್ಜಿಗೆ ಕಣ್ಣು ಮಂಜು. ಗೌರಿಗೆ ಕೈ ಮುಗಿದರು. ಮೇಲಿನ ಮೆಟ್ಟಿಲಿನ ಪಾರ್ವತಿಗೂ ಕೈ ಮುಗಿದು, ಬೆರಳು ಅದ್ದಿ, ಫೋಟೋದ ಹಣೆಗೆ ಅರಿಶಿನ ಕುಂಕುಮ ಏರಿಸಿಬಿಟ್ಟರು. ತಡೆಯಲೆಂದು ಎದ್ದ ವೈನಿಯ ಕೈ ನಡುವೆಯೇ ನಿಂತಿತು. ಹಿರಿಯರು ಮಾಡಿದ ಮೇಲೆ ಕಿರಿಯರು ಬಿಡುತ್ತಾರೆಯೇ? ಒಬ್ಬೊಬ್ಬರಾಗಿ ಎಲ್ಲರೂ ಏರಿಸಿದರು. ಕೊನೆಯವಳು ಬಗ್ಗಿ ನೋಡಿ ಕಿರುಚಿದಳು.

“ಅಗಬಾಯಿ! ಹೀ ತರ ತೀಚ್!”

ಇವಳು ಅವಳೇ, ಆ ನಟಿ ಎಂದು! ವೈನಿ ಗಾಬರಿಯಿಂದ ಅವ್ವನ ಕಡೆ ತಿರುಗಿದರು. ಅಜ್ಜಿ ತಮ್ಮ ಕೆಂಪು ಬೆರಳನ್ನೊಮ್ಮೆ ನೋಡಿಕೊಂಡು, ಏನಾಯಿತೀಗ, ಅವಳೂ ಮುತ್ತೈದೆಯೇ ಅಲ್ಲವೇ ಎಂದು ಮರಾಠಿಯಲ್ಲಿ ಕೇಳಿ, ಕಾಲು ಚಾಚಿ ಕೂತರು. ನಗು ಗ್ಯಾಲರಿಯ ಆಚೆ ತುದಿಗೂ ಕೇಳಿಸಿರಬೇಕು. ಸೊಸೆಯಂದಿರೂ ಕೂತರು. ಡಬ್ಬಿ ಕೈಯಿಂದ ಕೈಗೆ ಹೋಯಿತು. ಒಬ್ಬಳು ಹಾಡಿನ ಪುಸ್ತಕ ತೆರೆದು ಗುನುಗಿದಳು, ಇನ್ನೊಬ್ಬಳು ರಾಗ ತಿದ್ದಿದಳು. ಇಬ್ಬರು ಎದ್ದು ಓಡಿದ್ದನ್ನು ಕಂಡು, ಹೊರಟೇಹೋದರು ಎಂದುಕೊಂಡೆ. ಅವರು ಟ್ರಂಕಿನ ತಳದಲ್ಲಿ ಅಡಗಿಸಿಟ್ಟಿದ್ದ ತಮ್ಮ ತಮ್ಮ ಚಿತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದರು, ಜೊತೆಗೆ ಮೇಲಿನ ಮಹಡಿಯವರನ್ನೂ ಕರೆತಂದರು.

ಆಮೇಲೆ ಅದಲುಬದಲು ಶುರುವಾಯಿತು. ಯಾರ ಮನೆಗೂ ಹೋಗದವರೆಂದು ಹೆಸರಾಗಿದ್ದ ಮೂಲೆಕೋಣೆಯ ಹೆಂಗಸು ಪಾರ್ವತಿಯನ್ನೇ ಬೇಡಿದರು. ವೈನಿ ಕೊಡಲು ಕೈ ಚಾಚಿದ್ದರು. ಅವ್ವ ನಡುವೆ ಬಂದಳು.

“ಅದನ್ನ ಕೊಡಬ್ಯಾಡ ನೋಡವಾ, ಕುಂಕುಮ ಏರಿಸೇವಿ. ಕುದುರಿ ಮ್ಯಾಲೆ ಕೂತಾನಲ್ಲ, ಆ ಮೀಸಿಯಾಂವ, ಅವನ್ನ ಕೊಟ್ಟು ಅವರ ಕಡೆಯಿಂದ ಎರಡು ತಗೋ.”

ವೈನಿ ತಪ್ಪು ಮರಾಠಿಯಲ್ಲಿ, ಗಟ್ಟಿ ದನಿಯಲ್ಲಿ ಚೌಕಾಸಿಗೆ ಇಳಿದರು. ಎರಡನ್ನು ಪಡೆದದ್ದಲ್ಲದೆ ಒಂದು ಹಾಡಿನ ಪುಸ್ತಕವನ್ನೂ ಗಿಟ್ಟಿಸಿದರು. ದೀಪ ಹಚ್ಚುವ ಹೊತ್ತಿಗೆ ಮಹಡಿಯ ಗಂಡಸರು ಗಿರಣಿಯಿಂದ, ಆಫೀಸಿನಿಂದ ಬಂದು, ತಮ್ಮ ತಮ್ಮ ಕೋಣೆಗೆ ಬೀಗ ಕಂಡು, ಗ್ಯಾಲರಿಯಲ್ಲಿ ಸಾಲಾಗಿ ನಿಂತರು. ಅಣ್ಣನೂ ಆ ಸಾಲಿನಲ್ಲೇ ನಿಂತ. ಒಳಗೆ ಅವನಿಗೂ ಜಾಗವಿರಲಿಲ್ಲ.