ಕೆಂಪು ಚುಕ್ಕೆಯ ಹಾಳೆಗಳು

ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವುದು ಅಪ್ಪನಿಂದ ನನಗೆ ಬಂದ ಚಟ. ಮೈಸೂರಿನ ಇನ್ಶೂರೆನ್ಸ್ ಆಫೀಸಿನಲ್ಲಿ ಅಪ್ಪ ಹಾಗೆಯೇ ಫೈಲು ತಿರುವುತ್ತಾ ರಿಟೈರಾದರು. ಮದುವೆಯಾಗಿ ಚೆನ್ನೈಗೆ ಬಂದ ನಾನು ಒಂದು ಕಾಲೇಜಿನ ಹರ್ಬೇರಿಯಮ್ಮಿನಲ್ಲಿ ಅದನ್ನು ಮುಂದುವರಿಸಿದೆ.

ಹರ್ಬೇರಿಯಂ ಎಂದರೆ ಒತ್ತಿ ಒಣಗಿಸಿದ ಗಿಡಗಳ ಭಂಡಾರ. ದಪ್ಪ ಹಾಳೆಗೆ ಹೊಲಿದ ಒಂದೊಂದು ಗಿಡಕ್ಕೂ ಮೂಲೆಯಲ್ಲೊಂದು ಚೀಟಿ: ಗಿಡದ ಹೆಸರು, ಸಿಕ್ಕಿದ ಊರು, ತಂದವರು, ತಾರೀಖು. ಹಳೆಯ ಚೀಟಿಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು. ಅವನ್ನು ನೋಡಿ ಹೊಸದನ್ನು ಬರೆದು ಅಂಟಿಸುವುದು ನನ್ನ ಕೆಲಸ. ಎಷ್ಟೋ ಹಾಳೆಗಳ ಮೇಲೆ ಒಂದು ಕೆಂಪು ಚುಕ್ಕೆ ಇರುತ್ತಿತ್ತು. ಯಾರೋ ಪರಿಶೀಲಿಸಿದ ಗುರುತು ಅಂದುಕೊಂಡೆ. ಕೇಳಲು ಹೋಗಲಿಲ್ಲ. ಎಲ್ಲಾ ಗೊತ್ತಿರುವವಳ ಹಾಗೆ ಕೂರುವುದು ನನ್ನ ಇನ್ನೊಂದು ಚಟ.

ಕೆಲಸಕ್ಕೆ ಸೇರಿ ಐದು ತಿಂಗಳಾಗುವ ಹೊತ್ತಿಗೆ ನಾನು ಮೂರು ತಿಂಗಳ ಬಸುರಿ. ಆವತ್ತು ಮಧ್ಯಾಹ್ನ ಮೇಜಿನ ಮೇಲೆ ನುಗ್ಗೆಯ ಹಾಳೆಗಳಿದ್ದವು. ಬೆರಳನ್ನು ನಾಲಿಗೆಗೆ ತಾಗಿಸಿದ್ದೇ ತಡ, ಭಂಡಾರ ನೋಡಿಕೊಳ್ಳುತ್ತಿದ್ದ ಮೇಡಂ, "ಏಯ್ ಏಯ್, ಎನ್ನಮ್ಮಾ ಪಣ್ರೆ!" ಏನು ಮಾಡ್ತಿದೀಯ ಎಂದು ಕಿರುಚಿ ನನ್ನ ಮಣಿಕಟ್ಟು ಹಿಡಿದರು. ಕೆಂಪು ಚುಕ್ಕೆ ತೋರಿಸಿದರು. ಹುಳು ಹಿಡಿಯದಿರಲೆಂದು ಹಿಂದಿನವರು ಗಿಡಗಳನ್ನು ಪಾದರಸದ ವಿಷದಲ್ಲಿ ಅದ್ದುತ್ತಿದ್ದರಂತೆ. ಅಂಥ ಹಾಳೆಗೆ ಈ ಗುರುತಂತೆ.

"ಉನಕ್ಕು ಯಾರುಮೇ ಸೊಲ್ಲಲಿಯಾ?" ಎಂದರು. ಯಾರೂ ಹೇಳಿರಲಿಲ್ಲ, ಅವರೂ ಸೇರಿ. ಎಷ್ಟು ದಿನದಿಂದ ಹೀಗೆ ಮಾಡುತ್ತಿದ್ದೀಯ ಎಂದು ಕೇಳಿದರು. ಇವತ್ತೊಂದೇ ಸಲ ಅಂದೆ. ಹೆದರಿಕೆಗೆ ಬಾಯಿಗೆ ಬಂದ ಸುಳ್ಳು ಅದು.

ನಲ್ಲಿಯ ಹತ್ತಿರ ಹೋಗಿ ನಾಲಿಗೆಗೆ ಸೋಪು ತಿಕ್ಕಿದೆ. ಎಂಥಾ ಪೆದ್ದಿ! ಐದು ತಿಂಗಳು ನುಂಗಿದ್ದು ಸೋಪಿಗೆ ಹೋಗುತ್ತದೆಯೇ? ಮನೆಗೆ ಮರಳುವಾಗ ವೇಲಚೇರಿಯ ರೈಲಿನಲ್ಲಿ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. ಅದೇ ಬೆರಳು ಎಂದು ನೆನಪಾಗಿ ಸರಕ್ಕನೆ ತೆಗೆದೆ.

ಮರುದಿನ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಅವರಿಗೆ ಮಾತ್ರ ನಿಜ ಹೇಳಿದೆ. ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿಗೆ ಐದು ದಿನ. ದಿನಕ್ಕೆ ಎಷ್ಟು ಹಾಳೆ, ಅದರಲ್ಲಿ ಕೆಂಪು ಚುಕ್ಕೆಯವು ಎಷ್ಟು ಎಂದು ಲೆಕ್ಕ ಹಾಕಲು ಕೂತು ಅರ್ಧಕ್ಕೇ ಬಿಟ್ಟೆ.

"ಏನೇ, ಮುಖ ಹಿಂಗೆ ಬಾಡಿಸ್ಕೊಂಡಿದೀಯ?" ಅಂದರು ಯಜಮಾನರು.

"ವಾಂತಿ ಕಣ್ರೀ."

"ಹುಣಸೇಹಣ್ಣು ತಂದ್ಕೊಡ್ಲಾ?"

ಪಾಪ, ಅವರಿಗೆ ಏನೂ ಗೊತ್ತಿಲ್ಲ. ಹೇಳಿದರೆ ಕೆಲಸ ಬಿಡಿಸುತ್ತಾರೆ ಎಂಬುದು ನೆಪ. ನಿನ್ನ ಕೈಯಾರೆ ಮಗುವಿಗೆ ವಿಷ ಹಾಕಿದೆಯಲ್ಲೇ ಎಂದುಬಿಟ್ಟರೆ? ಆ ಮಾತಿಗೆ ಹೆದರಿದ್ದೆ.

ರಿಪೋರ್ಟಿನಲ್ಲಿ ಪಾದರಸ ಸ್ವಲ್ಪ ಇತ್ತು, ಹೆದರುವಷ್ಟಲ್ಲ ಎಂದರು ಡಾಕ್ಟರು. ಮಗುವಿನ ಬಗ್ಗೆ ಕೇಳಿದೆ. ಬಹುಶಃ ಏನೂ ಆಗಿರುವುದಿಲ್ಲ, ಬೆಳೆಯುವಾಗ ಗಮನವಿಡಿ ಎಂದರು. ಆ "ಬಹುಶಃ" ಜೊತೆಗೇ ಮನೆಗೆ ಬಂದೆ. ಮಗಳು ಕತ್ತು ನಿಲ್ಲಿಸಿದಾಗ, ನಡೆದಾಗ, ಮೊದಲ ಮಾತಾಡಿದಾಗ ಉಳಿದವರೆಲ್ಲ ನಕ್ಕರು; ನಾನು ಬಚ್ಚಲಿಗೆ ಹೋಗಿ ಅತ್ತೆ.

ಈಗ ಅವಳಿಗೆ ಐದು ವರ್ಷ, ಅರಳು ಹುರಿದಂತೆ ತಮಿಳು ಮಾತಾಡುತ್ತಾಳೆ. ನಾನು ಅದೇ ಕೆಲಸದಲ್ಲಿದ್ದೇನೆ, ಗ್ಲೌಸು ಹಾಕಿಕೊಂಡು. ಮೊನ್ನೆ ಸಂಜೆ ಅವಳು ಚಿತ್ರದ ಪುಸ್ತಕ ಹಿಡಿದು ಕೂತಿದ್ದಳು. ಬೆರಳನ್ನು ನಾಲಿಗೆಗೆ ಒತ್ತಿ ಪುಟ ತಿರುವಿದಳು.

"ಥೂ, ತೆಗಿಯೇ ಬಾಯಿಂದ!" ಬೀದಿಗೆ ಕೇಳುವಂತೆ ಕಿರುಚಿದೆ. ಮಗು ಬೆಚ್ಚಿತು. ಸೆರಗಿನಿಂದ ಅವಳ ಬೆರಳು ಒರೆಸಿ, ಬಾ, ನಾನೇ ಓದುತ್ತೇನೆ ಎಂದು ತೊಡೆಯ ಮೇಲೆ ಕೂರಿಸಿಕೊಂಡೆ. ಒಂದು ಪುಟ ಓದಿ ಮುಗಿಸಿದೆ.

"ಅಮ್ಮಾ, ನೀ ಮಟ್ಟುಂ ಪಣ್ಣಲಾಮಾ?" ನೀನು ಮಾತ್ರ ಮಾಡಬಹುದಾ ಎಂದು ಕೇಳಿ ಕಿಲಕಿಲ ನಕ್ಕಳು. ನನ್ನ ತೋರುಬೆರಳು ಆಗಲೇ ನಾಲಿಗೆಯ ಮೇಲಿತ್ತು.